ಚಿನ್ನದ ಲೇಪದ ಆಚಾರಿ

ನೇಮಣ್ಣನೆಂಬ ಶಿಷ್ಯ ಒಂದು ದಿನ ತನ್ನ ಗುರುಗಳಾದ ಪಾಯಣ್ಣ ಪಂಡಿತರನ್ನು ಕೇಳಿದ:

"ಗುರುಗಳೇ, ರೋಗಿ ಬಂದು ಕೂತರೆ ಒಂದೇ ಬೇನೆ ಹೇಳುವುದಿಲ್ಲ. ತಲೆ ಅನ್ನುತ್ತಾನೆ, ಹೊಟ್ಟೆ ಅನ್ನುತ್ತಾನೆ, ನಿದ್ದೆ ಇಲ್ಲ ಅನ್ನುತ್ತಾನೆ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಮತ್ತೊಂದು ಹೇಳುತ್ತಾನೆ. ಗಾಯವಾದರೆ ಕಣ್ಣಿಗೆ ಕಾಣುತ್ತದೆ, ಮೂಳೆ ಮುರಿದರೆ ಕೈಗೆ ಸಿಗುತ್ತದೆ. ಒಳಗಿನ ರೋಗ ಕಾಣುವುದೂ ಇಲ್ಲ, ಸಿಗುವುದೂ ಇಲ್ಲ. ಇಷ್ಟು ಬೇನೆಗಳಲ್ಲಿ ನಾನು ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು?"

ಅರೆಯುತ್ತಿದ್ದ ಬೇರನ್ನು ಪಂಡಿತರು ಪಕ್ಕಕ್ಕಿಟ್ಟರು. ಕೈ ತೊಳೆದುಕೊಂಡು ಬಂದು ಕೂತು, ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಆಚಾರಿ ಇದ್ದ. ತಾಮ್ರಕ್ಕೆ ಚಿನ್ನದ ಲೇಪ ಹಾಕುವುದು ಅವನ ಕಸುಬು. ಚಿನ್ನದ ಚೂರನ್ನು ಪಾದರಸದಲ್ಲಿ ಕರಗಿಸಿದರೆ ಅದು ಬೆಣ್ಣೆಯ ಹಾಗಾಗುತ್ತದೆ. ಆ ಬೆಣ್ಣೆಯನ್ನು ತಾಮ್ರಕ್ಕೆ ಸವರಿ ಕೆಂಡದ ಮೇಲೆ ಹಿಡಿದರೆ ಪಾದರಸ ಹೊಗೆಯಾಗಿ ಹೋಗಿಬಿಡುತ್ತದೆ, ಚಿನ್ನ ಉಳಿಯುತ್ತದೆ. ಗಾಳಿ ಬೀಸಿದರೆ ಬೂದಿ ಹಾರಿ ಬಂದು ಲೇಪ ಕೆಡುತ್ತದೆಂದು ಬಾಗಿಲು, ಕಿಟಕಿ ಹಾಕಿಕೊಂಡೇ ಈ ಕೆಲಸ ಮಾಡಬೇಕು. ಅವನ ತಂದೆ ಹಾಗೆಯೇ ಮಾಡುತ್ತಿದ್ದ, ಇವನೂ ಹಾಗೆಯೇ ಮಾಡುತ್ತಿದ್ದ. ಸುತ್ತಲಿನ ಸೀಮೆಯಲ್ಲಿ ಯಾವ ಗುಡಿಯ ಕಳಸ ಹೊಳೆದರೂ ಅದು ಅವರ ಮನೆಯ ಕೈಕೆಲಸವೇ ಎಂದು ಜನ ಹೇಳುತ್ತಿದ್ದರು.

ಆಚಾರಿ ಮೃದು ಸ್ವಭಾವದವನು. ಮಾತು ಜಾಸ್ತಿ, ನಗು ಇನ್ನೂ ಜಾಸ್ತಿ. ಮನೆಗೆ ಯಾರು ಬಂದರೂ ಊಟ ಮಾಡಿಸದೆ ಕಳುಹಿಸುತ್ತಿರಲಿಲ್ಲ. ಅವನ ಹೆಂಡತಿ ತವರಿಗೆ ಹೋದಾಗಲೆಲ್ಲ, ತನ್ನಂಥ ಪುಣ್ಯವಂತೆ ಇಲ್ಲವೆಂದು ತಾಯಿಯ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಅಂಥವನಿಗೆ ಒಂದು ವರ್ಷ ಕೈ ನಡುಗಲು ಶುರುವಾಯಿತು. ಮೊದಮೊದಲು ಹೆಂಡತಿಗೆ ಮಾತ್ರ ಅದು ಕಾಣುತ್ತಿತ್ತು. ನೀರಿನ ಚೊಂಬು ಎತ್ತಿದರೆ ತುಳುಕುತ್ತಿತ್ತು. ಆಮೇಲೆ ತುತ್ತು ಬಾಯಿಗೆ ಬರುವಷ್ಟರಲ್ಲಿ ಅರ್ಧ ಎಲೆಗೆ ಬೀಳತೊಡಗಿತು. ಆಕೆ ನೋಡಿಯೂ ನೋಡದವಳಂತೆ ಇದ್ದಳು. ಊರಿನ ವೈದ್ಯನೊಬ್ಬ ಬಂದು ಕೈ ನೋಡಿ, ಇದು ವಾತ ಎಂದ. ಎಣ್ಣೆ ತಿಕ್ಕಲು ಹೇಳಿ, ಗುಳಿಗೆ ಕೊಟ್ಟ. ಕೈ ನಿಲ್ಲಲಿಲ್ಲ. ಅಷ್ಟರಲ್ಲಿ ವಸಡು ಊದಿ ರಕ್ತ ಬರತೊಡಗಿತು, ಬಾಯಲ್ಲಿ ಜೊಲ್ಲು ನಿಲ್ಲದಾಯಿತು. ಪಕ್ಕದ ಊರಿನ ಮದ್ದಿನವಳು ಬಂದು ಬಾಯಿ ನೋಡಿ, ಮುಕ್ಕಳಿಸಲು ಕಷಾಯ ಮಾಡಿಕೊಟ್ಟಳು. ಅದರಿಂದ ಒಂದಿಷ್ಟು ಹಿತವಾಯಿತು, ಅಷ್ಟೇ.

ಆದರೆ ಹೆಂಡತಿಯನ್ನು ಕೊರೆದದ್ದು ಕೈಯೂ ಅಲ್ಲ, ಬಾಯಿಯೂ ಅಲ್ಲ. ನಗುತ್ತಿದ್ದ ಗಂಡ ನಗುವುದನ್ನು ಬಿಟ್ಟ. ಮನೆಗೆ ಯಾರಾದರೂ ಬಂದರೆ ಒಳಗೆ ಹೋಗಿ ಕೂತುಕೊಳ್ಳತೊಡಗಿದ. ಆಕೆಯ ಅಣ್ಣ ಬಂದ ದಿನವಂತೂ ಬಾಗಿಲ ಹಿಂದೆ ನಿಂತುಬಿಟ್ಟ, ಅಣ್ಣ ಹೋಗುವ ತನಕ ಹೊರಗೆ ಬರಲಿಲ್ಲ. ನಿದ್ದೆ ಹೋಯಿತು, ಹೇಳಿದ್ದು ಮರೆಯಿತು. ಒಂದು ದಿನ ಸಾರಿಗೆ ಉಪ್ಪು ಸಾಲದೆಂದು ಊಟದ ತಟ್ಟೆಯನ್ನು ಗೋಡೆಗೆ ಎಸೆದ. ಮದುವೆಯಾದಾಗಿನಿಂದ ಆಕೆ ಅವನ ಬಾಯಲ್ಲಿ ಒಂದು ಬಿರುನುಡಿ ಕೇಳಿದವಳಲ್ಲ. ಗಾಳಿ ಸೋಕಿದೆ ಎಂದರು ನೆರೆಯವರು. ಮಂತ್ರದವನು ಬಂದು ತಾಯತ ಕಟ್ಟಿಹೋದ. ಆಚಾರಿ ಆ ತಾಯತವನ್ನು ಕಿತ್ತು ಒಲೆಗೆ ಹಾಕಿ, ಹೆಂಡತಿಯ ಮುಖ ನೋಡಿ, ತಾನೇ ಅತ್ತ.

ಹೊಳೆಯ ಆಚೆ ಒಬ್ಬ ವೈದ್ಯನಿದ್ದ. ಬಲು ನಿಧಾನಿ. ಅವನು ನೋಡಿ ಮುಗಿಸುವಷ್ಟರಲ್ಲಿ ರೋಗಕ್ಕೇ ಬೇಸರ ಬಂದು ಹೋಗುತ್ತದೆಂದು ಜನ ತಮಾಷೆ ಮಾಡುತ್ತಿದ್ದರು. ಬೇರೆ ದಾರಿ ಕಾಣದೆ ಹೆಂಡತಿ ಅವನನ್ನೇ ಕರೆತಂದಳು.

ವೈದ್ಯ ಬಂದಾಗ ಆಚಾರಿ ಗೋಡೆಗೆ ಮುಖ ಮಾಡಿ ಕೂತಿದ್ದ. ವೈದ್ಯ ಅವನ ಕೈಯನ್ನು ಎಳೆದುಕೊಳ್ಳಲಿಲ್ಲ, ಇತ್ತ ತಿರುಗು ಎನ್ನಲಿಲ್ಲ. ಸ್ವಲ್ಪ ದೂರದಲ್ಲಿ ನೆಲದ ಮೇಲೆಯೇ ಕೂತ. ಹೆಂಡತಿ ಹೇಳಬೇಕಾದ್ದನ್ನೆಲ್ಲ ದಾರಿಯಲ್ಲೇ ಜೋಡಿಸಿಕೊಂಡು ಬಂದಿದ್ದಳು. ಕೈ, ಬಾಯಿ, ಸಿಟ್ಟು ಎಂದು ಶುರುಮಾಡಿದಳು. ವೈದ್ಯ ಕೈಯೆತ್ತಿ ತಡೆದ.

"ಬೇನೆಯಿಂದ ಶುರುಮಾಡಬೇಡಿ ತಾಯಿ. ಇವರು ಚೆನ್ನಾಗಿದ್ದ ದಿನ ಯಾವುದು ನೆನಪಿದೆ, ಅಲ್ಲಿಂದ ಹೇಳಿ."

ಇಷ್ಟು ಜನ ಬಂದು ಹೋದರು, ಗಂಡ ಚೆನ್ನಾಗಿದ್ದಾಗ ಹೇಗಿದ್ದ ಎಂದು ಕೇಳಿದವರು ಯಾರೂ ಇರಲಿಲ್ಲ. ಆಕೆ ಅಲ್ಲೇ ಕೂತು ಹೇಳತೊಡಗಿದಳು. ಅವನು ಎಷ್ಟು ನಗುತ್ತಿದ್ದ, ಯಾವ ಹಾಡು ಗುನುಗುತ್ತ ಕೆಲಸ ಮಾಡುತ್ತಿದ್ದ, ಸಾರಿಗೆ ಉಪ್ಪು ಹಾಕಲು ತಾನು ಮರೆತ ದಿನ ಹೇಗೆ ಸುಮ್ಮನೆ ಉಂಡು ಎದ್ದಿದ್ದ, ಎಲ್ಲ ಹೇಳಿದಳು. ಹೇಳುತ್ತ ಹೇಳುತ್ತ ಎಲ್ಲೆಲ್ಲಿಗೋ ಹೋದಳು. ವೈದ್ಯ ನಡುವೆ ಬಾಯಿ ಹಾಕಲಿಲ್ಲ. ಬೇಸಿಗೆಯಲ್ಲಿ ನಾದಿನಿಯ ಊರಿಗೆ ಮದುವೆಗೆ ಹೋಗಿ ಕೆಲವು ದಿನ ಅಲ್ಲಿಯೇ ಇದ್ದುದನ್ನು ಆಕೆ ಹೇಳುತ್ತಿರುವಾಗ ಗೋಡೆಯ ಕಡೆಯಿಂದ ಆಚಾರಿಯ ಸ್ವರ ಬಂತು.

"ಅಲ್ಲಿ ನಿದ್ದೆ ಬರುತ್ತಿತ್ತು" ಎಂದ ಆಚಾರಿ.

ಹೊರಗಿನವರ ಎದುರು ಅವನು ಬಾಯಿ ಬಿಟ್ಟು ಎಷ್ಟೋ ಕಾಲವಾಗಿತ್ತು. ವೈದ್ಯ ತಲೆಯಾಡಿಸಿದ, ಮತ್ತೇನನ್ನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಆಚಾರಿ ತಾನಾಗಿ ಇತ್ತ ತಿರುಗಿದ.

ಆಗ ವೈದ್ಯ ಅವನನ್ನು ನೋಡತೊಡಗಿದ. ಎರಡೂ ಕೈ ಮುಂದೆ ಚಾಚಲು ಹೇಳಿ ಬೆರಳುಗಳನ್ನು ನೋಡಿದ. ನಾಲಿಗೆ, ವಸಡು, ಕಣ್ಣಿನ ರೆಪ್ಪೆಯ ಒಳಗು ನೋಡಿದ. ಹೊಟ್ಟೆ ಒತ್ತಿದ, ಬೆನ್ನಿಗೆ ಕಿವಿಯಿಟ್ಟು ಉಸಿರು ಕೇಳಿದ, ಕಾಲು ನೋಡಿದ. ಕೈಗೆ ಬಂದ ಬೇನೆಗೆ ಕಾಲನ್ನು ಯಾಕೆ ನೋಡುತ್ತಾನೆಂದು ಹೆಂಡತಿಗೆ ಅನಿಸಿತು. ಎಲ್ಲ ಮುಗಿಸಿ ವೈದ್ಯ ಆಕೆಗೆ ಹೇಳಿದ: ನನಗಿನ್ನೂ ತಿಳಿದಿಲ್ಲ, ನಾಳೆ ಬರುತ್ತೇನೆ. ಮದ್ದು ಏನೂ ಕೊಡಲಿಲ್ಲ.

ಬಂದವರೆಲ್ಲ ತಿಳಿದಿದೆ ಎಂದೇ ಹೇಳಿ ಹೋಗಿದ್ದರು. ಹೊಳೆ ದಾಟಿ ಕರೆತಂದವನು ಮಾತ್ರ ತಿಳಿದಿಲ್ಲ ಎಂದ. ಆದರೆ ಒಲೆಯ ಮುಂದೆ ಕೂತಾಗ ಆಕೆಗೆ ಒಂದು ಸೋಜಿಗವೆನಿಸಿತು. ಬಹಳ ದಿನಗಳ ಮೇಲೆ ಅವಳ ಮನಸ್ಸಿನಲ್ಲಿ ಅಂಜಿಕೆ ಇರಲಿಲ್ಲ.

ಮರುದಿನ ವೈದ್ಯ ಬಂದಾಗ ಆಚಾರಿ ಕೆಲಸದ ಕೋಣೆಯಲ್ಲಿದ್ದ. ಒಂದು ದೊಡ್ಡ ಕಳಸ ಅರ್ಧ ಮುಗಿದು ಕೂತಿತ್ತು. ಕೈ ನಡುಗಿದರೂ ಆ ಕೆಲಸವನ್ನು ಅವನು ಬಿಟ್ಟಿರಲಿಲ್ಲ. ನೋಡುತ್ತ ಕೂರಲೇ ಎಂದು ವೈದ್ಯ ಕೇಳಿದ. ಆಚಾರಿ ಹೂಂಗುಟ್ಟಿದ. ಬಾಗಿಲು ಹಾಕಿಕೊಂಡು ಇಬ್ಬರೂ ಒಳಗಿದ್ದರು. ವೈದ್ಯ ಹೊರಗೆ ಬಂದಾಗ ಮುಖ ಬಾಡಿತ್ತು, ಕೆಮ್ಮುತ್ತಿದ್ದ. ಆಕೆ ನೀರು ಕೊಟ್ಟಳು. ಕುಡಿದು ಮುಖ ಸಿಂಡರಿಸಿ ಆಚಾರಿಯನ್ನು ಕೇಳಿದ:

"ಆಚಾರ್ರೇ, ನನ್ನ ಬಾಯಲ್ಲಿ ತಾಮ್ರ ಚೀಪಿದ ಹಾಗಿದೆ. ನಿಮಗೂ ಹೀಗಾಗುತ್ತದೆಯೇ?"

"ಇದು ನಮ್ಮ ಮನೆಯ ರುಚಿ. ನಮ್ಮ ಅಪ್ಪನ ಬಾಯಲ್ಲೂ ಇತ್ತು."

"ನಿಮ್ಮ ಅಪ್ಪ ಹೇಗೆ ತೀರಿಕೊಂಡರು?"

ಆಚಾರಿ ಕೈಯನ್ನು ಮಡಿಲಲ್ಲಿಟ್ಟುಕೊಂಡ. ಆಮೇಲೆ ನಿಧಾನವಾಗಿ ಹೇಳಿದ. ತಂದೆಗೂ ಕೊನೆಕೊನೆಗೆ ಕೈ ನಡುಗುತ್ತಿತ್ತು. ತಾಯಿ ತುತ್ತು ಮಾಡಿ ಉಣಿಸುತ್ತಿದ್ದಳು. ಎಲ್ಲರ ಮೇಲೂ ರೇಗುತ್ತಿದ್ದ, ಮಗನನ್ನೇ ಗುರುತಿಸದಂತಾಗಿ ಹೋದ. ದೇವರ ಚಿನ್ನ ಮುಟ್ಟುವ ಮನೆಗೆ ಇದೊಂದು ಶಾಪವೆಂದು ಮನೆಯವರು ನಂಬಿದ್ದರು. ತನಗೂ ಅದೇ ಬಂದಿದೆ ಎಂದು ಅವನಿಗೆ ಮೊದಲ ದಿನವೇ ಗೊತ್ತಾಗಿತ್ತು. ಹೆಂಡತಿ ಹೆದರುತ್ತಾಳೆಂದು ಹೇಳಿರಲಿಲ್ಲ.

ಬಾಗಿಲ ಬಳಿ ನಿಂತಿದ್ದ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ವೈದ್ಯ ಹೆಂಡತಿಯ ಕಡೆ ನೋಡಲಿಲ್ಲ. ಯಾರ ಮೈಯೋ ಅವನಿಗೇ ಮೊದಲು ಹೇಳಬೇಕೆಂಬಂತೆ ಆಚಾರಿಯ ಕಡೆ ತಿರುಗಿ ಕೂತ. ಇದು ಶಾಪವಲ್ಲ, ಗಾಳಿಯೂ ಅಲ್ಲ ಎಂದ. ಕೆಂಡದ ಮೇಲಿಂದ ಹೊರಟ ಪಾದರಸ ಎಲ್ಲಿಗೂ ಹೋಗುತ್ತಿಲ್ಲ, ನಿಮ್ಮ ಉಸಿರಿನಲ್ಲಿ ಒಳಗೆ ಹೋಗಿ ಕೂರುತ್ತಿದೆ. ಕೈಯಲ್ಲಿ ನಡುಕವಾಗಿ, ವಸಡಿನಲ್ಲಿ ರಕ್ತವಾಗಿ, ತಲೆಯಲ್ಲಿ ಸಿಟ್ಟಾಗಿ ಅದೊಂದೇ ಕಾಣಿಸಿಕೊಳ್ಳುತ್ತಿದೆ ಎಂದ. ಇದನ್ನು ಹೊರಗೆಳೆಯುವ ಮದ್ದು ನನ್ನ ಹತ್ತಿರ ಇಲ್ಲ. ಹೊಗೆ ನಿಂತರೆ ಮೈ ತಾನೇ ಮೆಲ್ಲಗೆ ಬಿಡಿಸಿಕೊಳ್ಳುತ್ತದೆ. ಕೈ ಮೊದಲಿನಂತೆ ಆಗುತ್ತದೆಯೋ ಇಲ್ಲವೋ ನಾನು ಹೇಳಲಾರೆ. ನಿಲ್ಲದಿದ್ದರೆ ನಿಮ್ಮ ತಂದೆಗೆ ಆದದ್ದೇ ಆಗುತ್ತದೆ. ಇಷ್ಟನ್ನೂ ವೈದ್ಯ ಸ್ವರ ಏರಿಸದೆ ಹೇಳಿದ. ಸುಳ್ಳು ಧೈರ್ಯ ಹೇಳಲಿಲ್ಲ, ಹೆದರಿಸಲೂ ಇಲ್ಲ.

ಆಮೇಲೆ ಮನೆಯಲ್ಲಿದ್ದ ಮದ್ದುಗಳನ್ನೆಲ್ಲ ತರಿಸಿ ನೋಡಿದ. ಮೊದಲಿನ ವೈದ್ಯ ಕೊಟ್ಟ ಗುಳಿಗೆಯನ್ನು ಉಗುರಿನಿಂದ ಒಡೆದು, ತಿಕ್ಕಿ, ಬಿಸಿಲಿಗೆ ಹಿಡಿದ. ಅದರಲ್ಲೂ ಪಾದರಸವಿತ್ತು. ಇದನ್ನು ನಿಲ್ಲಿಸಿ ಎಂದ. ಹೆಂಡತಿಗೆ ರಕ್ತ ಕುದಿಯಿತು. ವಿಷ ತಿಂದವನಿಗೆ ಮತ್ತೆ ವಿಷವನ್ನೇ ಕೊಟ್ಟ ಆ ಮೂಢನನ್ನು ಊರ ನಡುವೆ ನಿಲ್ಲಿಸಿ ಕೇಳುತ್ತೇನೆ ಎಂದಳು. ಅವಳ ಸಿಟ್ಟು ಇಳಿದ ಮೇಲೆ ವೈದ್ಯ ಹೇಳಿದ:

"ಅವರು ಬಂದಾಗ ಕೈ ಒಂದೇ ನಡುಗುತ್ತಿತ್ತು ತಾಯಿ. ನಾನು ಬರುವಷ್ಟರಲ್ಲಿ ರೋಗ ಅರ್ಧ ಬಾಯಿ ಬಿಟ್ಟಿತ್ತು. ಕೊನೆಗೆ ಬಂದವನು ಜಾಣನಾಗುವುದು ಸುಲಭ."

ಹಾಗೆಂದು ಸುಮ್ಮನೆಯೂ ಬಿಡಲಿಲ್ಲ. ಉಳಿದ ಗುಳಿಗೆಗಳನ್ನು ಕಟ್ಟಿಕೊಂಡು ತಾನೇ ಆ ವೈದ್ಯನ ಮನೆಗೆ ಹೋದ. ಒಳಗೆ ಏನು ಮಾತಾಯಿತೋ ಯಾರಿಗೂ ಗೊತ್ತಿಲ್ಲ. ಮರುದಿನ ಆ ವೈದ್ಯ ಆಚಾರಿಯ ಮನೆಗೆ ಬಂದು, ಅವನ ಕೈ ಹಿಡಿದುಕೊಂಡು, ಬಹಳ ಹೊತ್ತು ಕೂತು ಹೋದ. ಹೆಂಡತಿಯ ಬಾಯಿಗೆ ಬಂದ ಮಾತು ಅಲ್ಲೇ ನಿಂತಿತು.

ಆಚಾರಿ ಕೆಲಸ ಬಿಟ್ಟನೇ? ಬಿಡಲಿಲ್ಲ. ಕೆಲವೇ ದಿನಗಳಲ್ಲಿ ಕೋಣೆಯ ಬಾಗಿಲ ಸಂದಿಯಿಂದ ಮತ್ತೆ ಹೊಗೆ ಬಂತು. ಹೆಂಡತಿ ತಟ್ಟಿದಳು, ಬೇಡಿದಳು. ಬಾಗಿಲು ತೆರೆಯಲಿಲ್ಲ. ಅತ್ತುಕೊಂಡು ಹೊಳೆ ದಾಟಿದಳು. ಇಷ್ಟು ಹೇಳಿದರೂ ಕೇಳದವನ ಮನೆಗೆ ಈ ವೈದ್ಯ ಇನ್ನು ಬರಲಾರನೆಂದೇ ಆಕೆ ಎಣಿಸಿದ್ದಳು. ಅವನು ಊಟಕ್ಕೆ ಕೂತವನು ಅರ್ಧಕ್ಕೆ ಎದ್ದು ಕೈ ತೊಳೆದು ಬಂದ.

ಕೋಣೆಯ ಹೊರಗೆ ಹೊಸ್ತಿಲ ಮೇಲೆ ಕೂತು, ಬಾಗಿಲು ತೆರೆಯುವ ತನಕ ಕಾದ. ಆಚಾರಿ ಹೊರಗೆ ಬಂದು ವೈದ್ಯನನ್ನು ಕಂಡು ತಲೆ ತಗ್ಗಿಸಿದ. ಬೈಗುಳಕ್ಕೆ ಸಿದ್ಧನಾಗಿಯೇ ನಿಂತಿದ್ದ. ವೈದ್ಯ ಬೈಯಲಿಲ್ಲ. ಬಿಡಿ ಎಂದು ಹೇಳಿ ಹೋದೆ, ಬಿಡುವುದು ಎಷ್ಟು ಕಷ್ಟ ಎಂದು ಕೇಳಲೇ ಇಲ್ಲ ಎಂದ. ನಿಮ್ಮ ಕೆಲಸ ತೋರಿಸಿ ಬನ್ನಿ ಎಂದು ಅವನನ್ನು ಕರೆದುಕೊಂಡು ಹೊರಟ.

ಆ ದಿನ ಇಬ್ಬರೂ ಊರೆಲ್ಲ ಸುತ್ತಿದರು. ಹಿಂದೆ ಹೆಂಡತಿಯೂ ಹೋದಳು. ಯಾವ ಕಳಸ ತಂದೆಯದು, ಯಾವುದು ತನ್ನದು, ಎಲ್ಲಿ ಲೇಪ ಒಂದು ಎಳೆ ದಪ್ಪವಾಯಿತು, ಎಲ್ಲಿ ಕೆಂಡ ಹೆಚ್ಚಾಗಿ ಬಣ್ಣ ಕಂದಿತು ಎಂದು ಆಚಾರಿ ತೋರಿಸುತ್ತ ಹೋದ. ವೈದ್ಯ ಕತ್ತೆತ್ತಿ ನೋಡುತ್ತ, ತಿಳಿಯದ್ದನ್ನು ಕೇಳುತ್ತ ಬಂದ. ಹೊಳೆಯ ಮೆಟ್ಟಿಲ ಮೇಲೆ ಕೂತಾಗ ಆಚಾರಿ ಒಳಗಿದ್ದುದನ್ನು ಆಡಿದ. ಈ ಕಳಸವನ್ನು ನಾನು ಅರ್ಧಕ್ಕೆ ಬಿಟ್ಟರೆ ಯಾವನಾದರೂ ಹುಡುಗನನ್ನು ಹಿಡಿದು ಮಾಡಿಸುತ್ತಾರೆ, ಅವನಿಗೆ ಕೆಲಸ ಕೊಟ್ಟ ಹಾಗಲ್ಲ, ಈ ಬೇನೆ ಕೊಟ್ಟ ಹಾಗೆ ಎಂದ. ಹೇಳಿ ಮುಗಿಸಿದವನು, ಆ ಕೆಲಸವೇ ಬೇನೆ ಎಂದು ತನ್ನ ಬಾಯಿಂದಲೇ ಕೇಳಿಸಿಕೊಂಡವನಂತೆ ಎದ್ದು ಮನೆಯ ಕಡೆ ನಡೆದ. ಮನೆಗೆ ಬಂದವನೇ ಕೆಂಡಕ್ಕೆ ನೀರು ಹೊಯ್ದ. ಪಾದರಸದ ಭರಣಿಯನ್ನು ಬಿಗಿಯಾಗಿ ಮುಚ್ಚಿ, ಅರಗು ಹಾಕಿ, ವೈದ್ಯನ ಕೈಗೇ ಕೊಟ್ಟುಬಿಟ್ಟ.

ಮಳೆಗಾಲ ಹಿಡಿಯಿತು. ವೈದ್ಯ ಬರುವುದನ್ನು ಬಿಡಲಿಲ್ಲ. ಹೊಳೆ ತುಂಬಿದಾಗ ಹರಿಗೋಲು ಸಿಗುವ ತನಕ ದಡದಲ್ಲಿ ನೆನೆಯುತ್ತ ನಿಂತು ಬರುತ್ತಿದ್ದ. ಕೊಡಲು ಅವನ ಹತ್ತಿರ ಏನೂ ಇರಲಿಲ್ಲ. ಕೋಣೆಯ ಮಣ್ಣನ್ನು ಕೆತ್ತಿಸಿ ಹೊಸ ಮಣ್ಣು ಮೆತ್ತಿಸಿದ, ಕೆಲಸದ ಬಟ್ಟೆಗಳನ್ನು ಹೂಳಿಸಿದ, ಹಾಲು, ತುಪ್ಪ, ಮೆತ್ತನೆಯ ಅನ್ನ ಎಂದು ಹೇಳಿದ. ಅದೆಲ್ಲ ಮೊದಲ ವಾರಕ್ಕೇ ಮುಗಿದಿತ್ತು. ಆಮೇಲೆ ಸುಮ್ಮನೆ ಬರುತ್ತಿದ್ದ. ಆಚಾರಿಯ ಕೈಯಲ್ಲಿ ತುಂಬಿದ ನೀರಿನ ಬಟ್ಟಲು ಕೊಟ್ಟು ನೋಡುತ್ತಿದ್ದ. ಆಚಾರಿ ಒಮ್ಮೊಮ್ಮೆ ಮಾತಾಡುತ್ತಿದ್ದ, ಒಮ್ಮೊಮ್ಮೆ ಎದ್ದು ಹೋಗು ಎಂದು ಕೂಗುತ್ತಿದ್ದ. ಹೋಗು ಎಂದ ದಿನ ವೈದ್ಯ ಜಗಲಿಯಲ್ಲಿ ಕೂತು, ಎಲೆ ಅಡಿಕೆ ಹಾಕಿಕೊಂಡು ಹೋಗುತ್ತಿದ್ದ.

ಅಂಥ ಒಂದು ದಿನ ಹೆಂಡತಿ ಹಿತ್ತಿಲಲ್ಲಿ ಒಬ್ಬಳೇ ನಿಂತು ಅಳುತ್ತಿದ್ದಳು. ವೈದ್ಯ ಅಲ್ಲಿಗೆ ಬಂದು, ಬೈಯುವುದು ನಿಮ್ಮ ಗಂಡನಲ್ಲ ತಾಯಿ, ಪಾದರಸ, ಅದು ಇಳಿಯುತ್ತಿದೆ ಎಂದ. ಆಮೇಲೆ, ಎಲ್ಲಿ, ನಿಮ್ಮ ಕೈ ಚಾಚಿ ನೋಡೋಣ, ನೀವೂ ಇದೇ ಮನೆಯ ಗಾಳಿ ಕುಡಿದವರು ಎಂದ. ಆಕೆಯ ವಸಡು ನೋಡಿದ, ನಿದ್ದೆ ಬರುತ್ತದೆಯೇ, ಹೊತ್ತಿಗೆ ಸರಿಯಾಗಿ ಉಣ್ಣುತ್ತೀರಾ ಎಂದು ಕೇಳಿದ. ಆಕೆ ಉಣ್ಣುತ್ತಿರಲಿಲ್ಲ. ಅದನ್ನು ಯಾರಾದರೂ ಕೇಳಬಹುದೆಂದೂ ಆಕೆಗೆ ಹೊಳೆದಿರಲಿಲ್ಲ. ಅವಳಿಗೆ ರೋಗವಿರಲಿಲ್ಲ. ಆದರೂ ಆ ದಿನ ಆಕೆ ಹೊಟ್ಟೆ ತುಂಬ ಉಂಡಳು.

ಮೊದಲು ನಿದ್ದೆ ಬಂತು. ಆಮೇಲೆ ವಸಡಿನ ಊತ ಇಳಿಯಿತು. ಸಿಟ್ಟು ಹೋದದ್ದು ಯಾವಾಗ ಎಂದು ಯಾರಿಗೂ ತಿಳಿಯಲಿಲ್ಲ. ಒಂದು ಬೆಳಿಗ್ಗೆ ಹೆಂಡತಿಯ ಅಣ್ಣ ಬಾಗಿಲಿಗೆ ಬಂದಾಗ ಆಚಾರಿಯೇ ಎದ್ದು ಹೋಗಿ, ಊಟ ಮಾಡಿಕೊಂಡೇ ಹೋಗಬೇಕು ಭಾವ ಎಂದು ಕೈ ಹಿಡಿದು ಒಳಗೆ ಕರೆತಂದ. ಒಳಗಿದ್ದ ಆಕೆ ಅಕ್ಕಿ ತೊಳೆಯುತ್ತಿದ್ದ ಕೈಯನ್ನು ಹಾಗೇ ನೀರಿನಲ್ಲಿ ಬಿಟ್ಟು ಕೂತಳು.

ಕೈ ಮಾತ್ರ ಮೊದಲಿನಂತೆ ಆಗಲಿಲ್ಲ. ಚೊಂಬು ಎತ್ತಬಲ್ಲವನಾದ, ತುತ್ತು ಬಾಯಿಗೆ ತಾನೇ ಇಡುವವನಾದ, ಅಷ್ಟೇ. ಕಳಸದ ಉಳಿದ ಕೆಳಗಿನ ಅರ್ಧಕ್ಕೆ ಬೆಂಕಿಯ ಲೇಪ ಮಾಡಲಿಲ್ಲ. ಚಿನ್ನವನ್ನು ತೆಳ್ಳಗೆ ತಟ್ಟಿ, ಆ ರೇಕನ್ನು ತಾಮ್ರದ ಮೇಲೆ ಕೂರಿಸಿದರು. ಎಲ್ಲಿ ಕೂರಿಸಬೇಕು, ಎಷ್ಟು ಒತ್ತಬೇಕು ಎಂದು ಆಚಾರಿ ಹೇಳಿದ, ಒತ್ತಿದವಳು ಹೆಂಡತಿ. ಕಳಸ ಗುಡಿಯ ಮೇಲೆ ಏರಿತು. ಎರಡು ಬಗೆಯ ಚಿನ್ನ ಕೂಡುವ ಗೆರೆ ಕೆಳಗಿನಿಂದ ನೋಡಿದವರಿಗೆ ಕಾಣುವುದಿಲ್ಲ. ಆಚಾರಿಗೆ ಕಾಣುತ್ತಿತ್ತು. ಅವನು ಅದನ್ನು ಹೆಂಡತಿಗೆ ತೋರಿಸಿ, ಕೆಳಗಿನದೇ ಚೆನ್ನಾಗಿದೆ ಎನ್ನುತ್ತಿದ್ದ.

ಪಂಡಿತರು ಕತೆ ನಿಲ್ಲಿಸಿದರು. ನೇಮಣ್ಣನ ಮುಖ ಅರಳಿತ್ತು.

"ತಿಳಿಯಿತು ಗುರುಗಳೇ. ಯಾವ ಬೇನೆಯನ್ನೂ ಬಿಡಬಾರದು. ಎಲ್ಲವನ್ನೂ ಒಟ್ಟಿಗೆ ಇಟ್ಟು, ಆತುರಪಡದೆ ನೋಡಿದರೆ ಬೇರು ಸಿಗುತ್ತದೆ. ಬೇರು ಸಿಕ್ಕರೆ ವೈದ್ಯನ ಕೆಲಸ ಮುಗಿಯಿತು."

ಪಂಡಿತರು ಅರೆಯುವ ಕಲ್ಲನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು:

"ಬೇರು ಸಿಕ್ಕಿದ ಮೇಲೂ ಆ ವೈದ್ಯ ಮಳೆಗಾಲವಿಡೀ ಹೊಳೆ ದಾಟಿ ಬಂದದ್ದು ಯಾವ ಬೇನೆಗೆ ಎಂದು ನೀನು ಕೇಳಲಿಲ್ಲ."